ಹದಿನೇಳರ ಹಿಂಬಾಗಿಲು

ಅತ್ತೆಯ ಕೈಗೆ ಒಂದು ಮೊಬೈಲ್ ಕೊಟ್ಟರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ ಎಂದು ಹೇಮಾಕ್ಷಿ ನಂಬಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ವಿಜಯವಾಡದ ಭವಾನಿಪುರಂನ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈಗ ಬೆಳಗ್ಗೆ ಐದೂವರೆಗೇ ನಲವತ್ತು ಜನರ ಗದ್ದಲ ಶುರುವಾಗುತ್ತಿತ್ತು. ನಲವತ್ತೂ ಜನ ವಿಶಾಖಪಟ್ಟಣದ ಲಂಗರುವೀಧಿಯವರು. ಬಂದರಿನ ಹಿಂಗೋಡೆಗೆ ಆತುಕೊಂಡಿದ್ದ ಆ ಬೀದಿಯನ್ನು ಲಾರಿ ರಸ್ತೆಗೆಂದು ಕೆಡವಿ ಎರಡೂವರೆ ವರ್ಷವಾಗಿತ್ತು. ದಿಕ್ಕಿಗೊಬ್ಬರಾದ ಮೇಲೆ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ‘ಲಂಗರುವೀಧಿ ನೆನಪುಗಳು’ ಎಂದು ಗುಂಪು ಕಟ್ಟಿ ಎಲ್ಲರನ್ನೂ ಮತ್ತೆ ಒಂದು ಕಡೆ ತಂದಿದ್ದರು.

ಭ್ರಮರಾಂಬಮ್ಮನವರಿಗೆ ಎಪ್ಪತ್ತೆರಡು. ಹೊಸಪೇಟೆಯ ಹುಡುಗಿ. ಅಣೆಕಟ್ಟಿನ ಕ್ರೇನ್ ರಿಪೇರಿಗೆ ಬಂದಿದ್ದ ತೆಲುಗು ಫಿಟ್ಟರನನ್ನು ಮದುವೆಯಾಗಿ ಅವನ ಹಿಂದೆ ವಿಶಾಖಪಟ್ಟಣ ಬಂದರಿಗೆ ಹೋದವರು. ಗಂಡ ತೀರಿಕೊಂಡಿದ್ದರು, ಬೀದಿಯೂ ಹೋದ ಮೇಲೆ ಮಗ ದುರ್ಗಾಪ್ರಸಾದನ ಮನೆ ಸೇರಿದ್ದರು. ಹೇಮಾಕ್ಷಿ ಬರೀ ಸೊಸೆಯಲ್ಲ, ಸ್ವಂತ ತಮ್ಮನ ಮಗಳು. ಹಾಗಾಗಿ ಅತ್ತೆ ಸೊಸೆಯರ ಜಗಳದಲ್ಲಿ ಎರಡೆರಡು ನಂಟಿನ ಸಲುಗೆ ಇತ್ತು.

ಗುಂಪಿನವರು ಬರೆಯುತ್ತಿದ್ದುದೆಲ್ಲ ತೆಲುಗಿನಲ್ಲಿ. ಭ್ರಮರಾಂಬಮ್ಮನವರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಆದರೆ ಬಾಯಿಗೆ ಲಿಪಿ ಯಾತಕ್ಕೆ? ತೆಲುಗಿಗೆ ಹೊಸಪೇಟೆಯ ಕನ್ನಡ ಕಲಸಿ ದಿನಕ್ಕೆ ಹತ್ತು ಸಲ ಮಾತಾಡಿ ಕಳಿಸುತ್ತಿದ್ದರು. ಬಂದರಿನ ಅದಿರಿನ ಧೂಳು ಕೂತು ಮಳೆನೀರು ಕೆಂಪಗೆ ಹರಿಯುತ್ತಿದ್ದುದು, ದಿನಕ್ಕೆ ಮೂರು ಸಲ ಹೊಸ್ತಿಲು ತೊಳೆಯದವಳನ್ನು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದುದು, ತಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಶಾರದಾಳ ತಾಯಿ ಸಂಕ್ರಾಂತಿಗೆ ಸುಣ್ಣದೊಳಗೆ ಬಟ್ಟೆಗೆ ಹಾಕುವ ನೀಲಿ ಸುರಿದು ಬಂದರಿನ ಗೋಡೆಗೇ ಬಳಿದದ್ದು, ಒಂದೂ ಬಿಡಲಿಲ್ಲ. ಬೀದಿ ಹೋದರೂ ತಿಕ್ಕುವ ಚಟ ಹೋಗಿರಲಿಲ್ಲ. ಕೈಚೀಲದಲ್ಲಿ ಒಂದು ತೆಂಗಿನ ನಾರಿನ ಉಂಡೆ ಇಲ್ಲದೆ ಅವರು ಎಲ್ಲಿಗೂ ಹೊರಡುತ್ತಿರಲಿಲ್ಲ.

“ಅತ್ತೀ, ಬ್ಯಾಳಿ ಪಪ್ಪು ಹೊತ್ತೋ ವಾಸನಿ ಬರಾಕತ್ತೈತಿ. ಒಲಿ ಸಣ್ಣದು ಮಾಡು ಅಂತ ನಿನಗ ಹೇಳಿ ಹೋಗಿದ್ನಲ್ಲ?”

“ಮಾಡ್ತಿದ್ದೆ. ಅಷ್ಟರಾಗ ಗುಂಪಿನ್ಯಾಗ ದುರ್ಗಾಭವಾನಿ ಮೊಮ್ಮಗನ ಫೋಟೋ ಹಾಕಿದ್ಲು.”

“ಹೊತ್ತಿದ ಪಪ್ಪು ನಿನ್ನ ಮಗ ಉಣ್ಣಂಗಿಲ್ಲ.”

“ಅವಂಗೇನು, ಗೋಂಗುರ ಉಪ್ಪಿನಕಾಯಿ ಹಾಕು, ಕಲ್ಲು ಕೊಟ್ರೂ ಉಣತಾನ.”

ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕಿಂಗ್ ನೋಡಿಕೊಳ್ಳುವ ದುರ್ಗಾಪ್ರಸಾದ್ ಮಾತ್ರ ಈ ಗುಂಪಿನ ಬಗ್ಗೆ ನಗುತ್ತಿರಲಿಲ್ಲ. ತಾಯಿ ಬಟನ್ ಒತ್ತಿ ಬಾಯಿ ತೆರೆದರೆ ಸಾಕು, ಅವನು ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದ. “ಹಳೇದೆಲ್ಲಾ ಯಾಕಮ್ಮಾ ಕೆದಕ್ತೀರಿ, ಹೋದ ಬೀದಿ ಹೋಯ್ತು” ಎನ್ನುತ್ತಿದ್ದ. ತಂದೆಯ ನೆನಪು ಬಂದು ಅವನಿಗೆ ದುಃಖವಾಗುತ್ತದೆ ಎಂದು ಭ್ರಮರಾಂಬಮ್ಮ ತಿಳಿದಿದ್ದರು. ತಾಯಂದಿರು ಮಕ್ಕಳ ಬಗ್ಗೆ ಹೀಗೆಯೇ ತಿಳಿಯುವುದು.

ಜೂನ್ ಮೊದಲ ವಾರ ದುರ್ಗಾಪ್ರಸಾದ್ ಹೇಮಾಕ್ಷಿಯರ ಮಗಳು ಪ್ರತ್ಯೂಷಾಳಿಗೆ ವಿಶಾಖಪಟ್ಟಣದಲ್ಲಿ ಬಿ.ಫಾರ್ಮ ಸೀಟು ಸಿಕ್ಕಿತು. ಹೇಮಾಕ್ಷಿ ಗಸಗಸೆ ಪಾಯಸ ಮಾಡಿದಳು. ಹಾಸ್ಟೆಲ್ ಚಿಂತೆ ಇರಲಿಲ್ಲ. ಕೆಡವಿದ ಮನೆಯ ಬದಲಿಗೆ ಪುನರ್ವಸತಿ ಕಚೇರಿಯವರು ಊರಾಚೆಯ ಬ್ಲಾಕಿನಲ್ಲಿ ಎರಡು ಕೋಣೆಯ ಫ್ಲಾಟ್ ಕೊಟ್ಟಿದ್ದರು. ಮನೆಯ ಕಾಗದ ಭ್ರಮರಾಂಬಮ್ಮನ ಹೆಸರಿನಲ್ಲಿದ್ದುದರಿಂದ ಫ್ಲಾಟೂ ಅವರ ಹೆಸರಿಗೇ ಬಂದಿತ್ತು. ಬೀಗದಕೈ ದೇವರ ಗೂಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ಜುಲೈಯಿಂದ ಅಲ್ಲಿ ಇರುವುದು ಎಂದು ಮಾತಾಗಿತ್ತು.

ಆ ಸಂತೋಷದಲ್ಲೇ ಭ್ರಮರಾಂಬಮ್ಮ ಗುಂಪಿಗೆ ಒಂದು ಯುಗಾದಿಯ ಕಥೆ ಹೇಳಿದರು.

“ಬೀದಿ ಕೆಡವೋಕಿನ್ನ ಮೊದಲಿನ ಯುಗಾದಿ, ನೆನಪೈತೇನು ಎಲ್ಲಾರಿಗೂ? ಹಬ್ಬದ ಹಿಂದಿನ ದಿನಾನೇ ಸರ್ವೇದವ್ರು ಬಂದು ಮನಿಮನಿಗೂ ಕೆಮ್ಮಣ್ಣಿಲೆ ನಂಬರ್ ಗೀಚಿ ಹೋಗಿದ್ರು. ನಮ್ಮ ಮುಂದಿಂದು ಗೋಡಿ ಮ್ಯಾಲಿತ್ತು, ಇರ್ಲಿ ಅಂತ ಬಿಟ್ಟೆ. ಸಂದಿನಾಗ ಶಾರದಾನ ಕಡಿ ಗೋಡಿ ಎಲ್ಲೈತಿ, ಬಾಗಿಲಿಗೇ ಬರ್ದಿದ್ರು. ಹಬ್ಬದ ದಿನ ಬಾಗಿಲು ಹಂಗ ಇರಬೇಕಾ? ಪಾಪ, ಅಕಿ ತಾಯೀನ ಕರಕೊಂಡು ದವಾಖಾನಿಯಾಗಿದ್ಲು. ನಾನ ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕಿ, ಅರಿಷಿಣ ಕುಂಕುಮ ಇಟ್ಟು, ಮಾವಿನ ಎಲಿ ಕಟ್ಟಿದೆ. ಬಾಗಿಲು ಮದುಮಗಳಾಗಿತ್ತು!”

ಅವರ ಮಾತಿಗೆ ಯಾವಾಗಲೂ ಕೈಮುಗಿದ ಚಿತ್ರಗಳು, ನಗುವ ಮುಖಗಳು ಸಾಲಾಗಿ ಬರುತ್ತಿದ್ದವು. ಅವತ್ತು ಒಂದೂ ಬರಲಿಲ್ಲ. “ನೆಟ್‌ವರ್ಕ್ ಇಲ್ಲೇನವ್ವ?” ಎಂದು ಎರಡು ಸಲ ಪ್ರತ್ಯೂಷಾಳ ಕೈಗೆ ಫೋನ್ ಕೊಟ್ಟು ನೋಡಿಸಿದರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಮರುದಿನ ಬೆಳಗ್ಗೆ ಎಲ್ಲರೂ ಪೆಸರಟ್ಟು ತಿನ್ನುತ್ತಿದ್ದಾಗ ಶಾರದಾಳ ದನಿ ಬಂತು. ಆರು ವರ್ಷದ ಹುಡುಗಿಯಾಗಿ ಆ ಹಿಂಭಾಗಕ್ಕೆ ಬಂದು, ಭ್ರಮರಾಂಬಮ್ಮನ ಕಾಲ ಹತ್ತಿರ ಬೆಳೆದು, ಅವರ ಕನ್ನಡವನ್ನೇ ಕಲಿತು, ಚಿಕ್ಕಮ್ಮ ಎನ್ನುವುದನ್ನು ಮಾತ್ರ ತೆಲುಗಿನಲ್ಲಿ ‘ಪಿನ್ನಿ’ ಎನ್ನುತ್ತಿದ್ದವಳು ಶಾರದಾ. ಈಗ ನಲವತ್ತೈದು ದಾಟಿತ್ತು. ಅವರ ಜೊತೆ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದವಳು ಅವತ್ತು ತೆಲುಗಿನಲ್ಲಿ ಮಾತಾಡಿದಳು.

“ಪಿನ್ನಿ, ಹದಿನೇಳು ಬೈ ಎ. ನನ್ನ ಬಾಗಿಲ ಮೇಲಿದ್ದ ನಂಬರು ಅದು. ಎರಡನೇ ಸಲ ಪರಿಶೀಲನೆಗೆ ಬಂದವರು ನಂಬರ್ ಇಲ್ಲದ ಬಾಗಿಲನ್ನ ಬರೆದುಕೊಳ್ಳಲಿಲ್ಲ. ಆಫೀಸಿನವರೇ ತಪ್ಪು ಮಾಡಿದ್ದಾರೆ ಅಂತ ಇಷ್ಟು ದಿನ ಅವರ ಹತ್ತಿರ ಜಗಳ ಆಡ್ತಿದ್ದೆ. ಅಮ್ಮ ಗಾಜುವಾಕದಲ್ಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸತ್ತಳು. ತೊಳೆದದ್ದು ನೀವಾ?”

ಅಷ್ಟೇ. ಭ್ರಮರಾಂಬಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವರು ಅವರೇ.

“ಅದು ಡಿಲೀಟ್ ಮಾಡು” ಎಂದ ದುರ್ಗಾಪ್ರಸಾದ್, ಮಗಳಿಗೆ. “ಅಮ್ಮಂದು ಡಿಲೀಟ್ ಮಾಡು. ಗುಂಪಿಂದ ಹೊರಗೆ ಬಾ ಅನ್ನು. ನಂಬರ್ ಇದ್ದಿದ್ರೂ ಕೊಡ್ತಿದ್ರೋ ಇಲ್ಲೋ, ಯಾರಿಗೆ ಗೊತ್ತು? ಹಿಂದಿನ ಭಾಗ ಅಂದ್ರೆ ಅದು ಮನೆ ಲೆಕ್ಕಕ್ಕೇ ಬರಲ್ಲ.”

ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪ್ರತ್ಯೂಷಾ ಅಪ್ಪನನ್ನೇ ನೋಡಿದಳು.

“ನಾನ್ನಾ, ನಂಬರ್ ಇಲ್ಲ ಅಂದ್ರೆ ಅವ್ರು ಕೇಳಿರ್ತಾರಲ್ವಾ, ಹಿಂದೆ ಯಾರಿರ್ತಾರೆ ಅಂತ? ಆ ಯುಗಾದಿಗೆ ನೀವು ಅಲ್ಲೇ ಇದ್ರಿ. ಒಂದು ವಾರ ಇದ್ರಿ.”

“ನೀನು ತಿನ್ನು.”

“ಯಾರು ಹೇಳಿದ್ರು ಅವ್ರಿಗೆ? ನಾನಮ್ಮಾನಾ?” ಎಂದು ಅಜ್ಜಿಯತ್ತ ತಿರುಗಿದಳು.

ಭ್ರಮರಾಂಬಮ್ಮ ಇಲ್ಲವೆಂದು ತಲೆಯಲ್ಲಾಡಿಸಿದರು. ಹಬ್ಬದ ವಾರದಲ್ಲೇ ಪರಿಶೀಲನೆಯವರು ಬಂದ ದಿನ ಅವರು ಶಾರದಾಳ ತಾಯಿಗೆ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ಹೇಮಾಕ್ಷಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತಳು. ಮೂವರು ಹೆಂಗಸರ ಕಣ್ಣು ಒಟ್ಟಿಗೆ ಬಿದ್ದರೆ ಗಂಡಸು ಎಷ್ಟು ಹೊತ್ತು ತಟ್ಟೆ ನೋಡಿಕೊಂಡು ಕೂರಬಲ್ಲ?

“ಕೇಳಿದ್ರು” ಎಂದ ದುರ್ಗಾಪ್ರಸಾದ್. “ನಮ್ಮದೇ ಅಡುಗೆಮನೆ ಅಂದೆ. ಎರಡು ಮನೆ ಅಂದ್ರೆ ಒಂದೊಂದೇ ಕೋಣೆದು ಎರಡು ಕೊಡ್ತಿದ್ರು. ಒಂದೇ ಮನೆ ಅಂದ್ರೆ ಎರಡು ಕೋಣೆದು. ನಾಳೆ ಇವಳ ಓದು ಇದೆ, ಅಮ್ಮನ ವಯಸ್ಸಿದೆ. ನಾನೇನು ನನಗೋಸ್ಕರ ಮಾಡಿದ್ನಾ? ನಂಬರ್ ಅಳಿಸಿದ್ದು ನಾನಲ್ಲ!”

“ನಾ ತೊಳದೆ” ಎಂದರು ಭ್ರಮರಾಂಬಮ್ಮ. “ನೀ ಅಕಿನ್ನೇ ಒರಸಿಬಿಟ್ಟಿ.”

ಆಮೇಲಿನ ಎರಡು ವಾರ ಆ ಮನೆ ಮನೆಯ ಹಾಗಿರಲಿಲ್ಲ. ಭ್ರಮರಾಂಬಮ್ಮ ಫೋನ್ ಮುಟ್ಟಿದ್ದು ಶಾರದಾಳಿಗೆ ಕರೆ ಮಾಡಲು ಮಾತ್ರ. ಅವಳು ಎತ್ತಲಿಲ್ಲ. ಎತ್ತದೆ ಹೋದಾಗಲೆಲ್ಲ ಹೋಗಿ ಪಾತ್ರೆ ತಿಕ್ಕಲು ಕೂರುತ್ತಿದ್ದರು. ತೊಳೆದಿಟ್ಟದ್ದನ್ನೇ ಮತ್ತೆ ಇಳಿಸಿ ತಿಕ್ಕುತ್ತಿದ್ದರು.

“ಅತ್ತೀ, ಆ ಬೋಗುಣಿ ತಳ ತೂತು ಬೀಳ್ತೈತಿ ಇವತ್ತು.”

“ಬೀಳ್ಲಿ.”

“ನೀ ಒಂದು ತುತ್ತು ಉಣ್ಣದ ತಿಕ್ಕಿದ್ರ ಅಕಿಗೆ ಮನಿ ಬರ್ತದೇನು?”

“ಹೇಮಾ, ಅಕಿ ಬಾಗಿಲು ನಾ ಯಾಕ ತಿಕ್ಕಬೇಕಿತ್ತು? ನನ್ನ ಬಾಗಿಲು ತಿಕ್ಕಿ ಸುಮ್ಮನಿರಬೇಕಿತ್ತಿಲ್ಲೋ.”

ಹೇಮಾಕ್ಷಿ ಬೋಗುಣಿ ಕಸಿದುಕೊಂಡು ಕಪಾಟಿನಲ್ಲಿಟ್ಟಳು. ಅವಳಿಗೆ ಎರಡೂ ಕಡೆ ಎಳೆಯುತ್ತಿತ್ತು. ಮಗಳು ದೂರದ ಊರಿನಲ್ಲಿ ಯಾರದೋ ಹಾಸ್ಟೆಲಿನಲ್ಲಿ ಇರುವುದು ಬೇಡ ಎಂದು ಅವಳ ಹೊಟ್ಟೆ ಹೇಳುತ್ತಿತ್ತು. ಅದೇ ಹೊಟ್ಟೆಗೆ ಗಂಡನ ಸುಳ್ಳೂ ದಕ್ಕುತ್ತಿರಲಿಲ್ಲ. ಕೊನೆಗೆ ಸಿಟ್ಟು ಬಡಿಸುವ ಕೈಗೆ ಇಳಿಯಿತು. ದುರ್ಗಾಪ್ರಸಾದನಿಗೆ ಅನ್ನ ಬೀಳುತ್ತಿತ್ತು, ತುಪ್ಪ ಬೀಳುತ್ತಿರಲಿಲ್ಲ. ಅವನು ಕೇಳುವ ಧೈರ್ಯ ಮಾಡಲಿಲ್ಲ.

ಹದಿನೈದನೇ ದಿನ ಗುಂಪಿನ ದುರ್ಗಾಭವಾನಿ ಕರೆ ಮಾಡಿ ಒಂದು ಸುದ್ದಿ ಹೇಳಿದಳು. ಪುನರ್ವಸತಿಯ ಬಿಟ್ಟುಹೋದ ಹೆಸರುಗಳಿಗೆ ಈ ತಿಂಗಳ ಇಪ್ಪತ್ತೆಂಟು ಕೊನೆಯ ದಿನವಂತೆ. ಅವತ್ತು ತಕರಾರು ಕೇಳಿ ಪಟ್ಟಿ ಮುಚ್ಚುತ್ತಾರಂತೆ. ಶಾರದಾ ಹೋಗುತ್ತಾಳೆ, ಆದರೆ ಅವಳ ಕೈಯಲ್ಲಿ ಬಾಡಿಗೆ ಚೀಟಿ, ಕರೆಂಟು ಬಿಲ್ಲು ಯಾವುದೂ ಇಲ್ಲ.

ಅವತ್ತಿನ ಊಟದಲ್ಲಿ ಭ್ರಮರಾಂಬಮ್ಮ ಹೇಳಿದರು: “ಇಪ್ಪತ್ತೆಂಟಕ್ಕ ನಾ ವೈಜಾಗಿಗೆ ಹೋಗಾಕಿ. ಮನಿ ನನ್ನ ಹೆಸರಿಲೆ ಇತ್ತು. ನಾನ ಹೇಳ್ತೀನಿ.”

“ಹೇಳಿದ್ರೆ ಏನಾಗುತ್ತೆ ಗೊತ್ತಾ?” ದುರ್ಗಾಪ್ರಸಾದ್ ದನಿ ಏರಿಸಿದ. “ಫ್ಲಾಟ್ ವಾಪಸ್ ತಗೊಂಡು ಒಂದು ಕೋಣೆದು ಕೊಡ್ತಾರೆ. ಕೊಡ್ತಾರೋ ಇಲ್ಲೋ ಅದೂ ಗೊತ್ತಿಲ್ಲ. ಸುಳ್ಳು ಹೇಳಿಕೆ ಅಂತ ನನ್ನ ಮೇಲೇ ಕೇಸ್ ಹಾಕಿದ್ರೆ?”

“ಒಂದು ಕೋಣಿಯಾಗ ನಾ ನಿಮ್ಮಪ್ಪ ನೀ ಮೂವತ್ತು ವರ್ಷ ಇದ್ವಿ. ಸತ್ವೇನು?”

“ಪ್ರತ್ಯೂಷಾನ ಕೇಳಿ! ಅವಳು ಎಲ್ಲಿರಬೇಕು?”

ಪ್ರತ್ಯೂಷಾ ಎದ್ದುಹೋಗಿ ಗೂಡಿನ ಮೊಳೆಯಿಂದ ಬೀಗದಕೈ ತೆಗೆದು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. “ನಾನಿರಲ್ಲ ನಾನ್ನಾ ಅದರಲ್ಲಿ. ನಿಜಂಗಾ ಹೇಳ್ತಿದೀನಿ. ಹಾಸ್ಟೆಲಲ್ಲಿರ್ತೀನಿ. ಶಾರದತ್ತೆ ಚಿಕ್ಕಂದಿನಲ್ಲಿ ನನ್ನ ಕಾಲ ಮೇಲೆ ಹಾಕ್ಕೊಂಡು ಸ್ನಾನ ಮಾಡ್ಸಿದ್ಲು. ಆ ಫ್ಲಾಟಲ್ಲಿ ನಂಗೆ ನಿದ್ದೆ ರಾದು, ಬರಲ್ಲ.”

“ಹೋಗಿ. ಇಬ್ಬರೂ ಹೋಗಿ” ಎಂದ ದುರ್ಗಾಪ್ರಸಾದ್. “ನಾನಂತೂ ಬರಲ್ಲ.”

ಇಪ್ಪತ್ತೆಂಟರ ಬೆಳಗ್ಗೆ ಹೇಮಾಕ್ಷಿ ಪುಳಿಯೋಗರೆ ಕಟ್ಟಿಕೊಟ್ಟಳು. ರತ್ನಾಚಲ್ ಎಕ್ಸ್‌ಪ್ರೆಸ್ಸಿಗೆ ಪ್ರತ್ಯೂಷಾ ಎರಡು ಟಿಕೆಟ್ ಮಾಡಿಸಿದ್ದಳು. ಗಾಡಿ ಹೊರಡುವ ಹೊತ್ತಿಗೆ ದುರ್ಗಾಪ್ರಸಾದ್ ಬಂದು ಎದುರಿನ ಸೀಟಿನಲ್ಲಿ ಕೂತ. ಅವನ ಅಂಗಿಯ ಜೇಬಿನಲ್ಲಿ ಮೂರನೆಯ ಟಿಕೆಟ್ ಇತ್ತು. ಪ್ರತ್ಯೂಷಾ ಕಾಲು ಸರಿಸಿ ಜಾಗ ಕೊಟ್ಟಳು. ವಿಜಯವಾಡ ದಾಟಿ ಏಲೂರು ಬರುವವರೆಗೂ ಅವನು ಕಿಟಕಿಯ ಹೊರಗೇ ನೋಡಿದ. ರಾಜಮಂಡ್ರಿಯಲ್ಲಿ ತಾಯಿ ಒಂದು ಎಲೆಯಲ್ಲಿ ಪುಳಿಯೋಗರೆ ಹಾಕಿ ಮುಂದಿಟ್ಟರು. ಒಂದಗುಳು ಬಿಡದೆ ತಿಂದ.

ಪುನರ್ವಸತಿ ಕಚೇರಿಯಲ್ಲಿ ಆ ಕಡತ ಇದ್ದುದು ಪ್ರಶಾಂತ್ ಎಂಬ ಸರ್ವೇಯರ್ ಹತ್ತಿರ. ಮೊದಲಿನ ಸರ್ವೇ ಮಾಡಿದವರು ವರ್ಗವಾಗಿ ಹೋಗಿದ್ದರು. ಶಾರದಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಭ್ರಮರಾಂಬಮ್ಮನನ್ನು ನೋಡಿ ಎದ್ದು ನಿಂತಳು. ಭ್ರಮರಾಂಬಮ್ಮ ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದರು. ಹಬ್ಬ, ಹುಣಸೆಹಣ್ಣು, ಬಾಗಿಲು.

ಪ್ರಶಾಂತ್ ಕಡತ ತಿರುವಿ ಒಂದು ಹಾಳೆಯಲ್ಲಿ ಬೆರಳಿಟ್ಟ. “ಇಲ್ಲಿ ಬೇರೆ ಇದೆಯಲ್ಲಮ್ಮಾ. ‘ಹಿಂಭಾಗ ಸ್ವಂತ ಅಡುಗೆಮನೆ, ಬಾಡಿಗೆದಾರರಿಲ್ಲ.’ ಮನೆಯವರ ಹೇಳಿಕೆ ಅಂತ ಬರೆದಿದ್ದಾರೆ. ಯಾರು ಹೇಳಿದ್ದು?”

ಫ್ಯಾನು ತಿರುಗುತ್ತಿತ್ತು. ದುರ್ಗಾಪ್ರಸಾದ್ ಕೈಚೌಕದಿಂದ ಮುಖ ಒರೆಸಿಕೊಂಡ.

“ನಾನು. ಅದು ಸುಳ್ಳು. ಹಿಂದೆ ಇವರಿದ್ರು. ಇವರೂ ಇವರ ತಾಯೀನೂ, ಮೂವತ್ತೆಂಟು ವರ್ಷ.”

ಶಾರದಾ ಇದುವರೆಗೆ ಅವನತ್ತ ನೋಡಿರಲಿಲ್ಲ. ಈಗ ನೋಡಿದಳು. ಅವಳಿಗೆ ಗೊತ್ತಿದ್ದುದು ಪಿನ್ನಿಯ ತಪ್ಪು ಮಾತ್ರ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು.

“ನೀವು ಈಗ ಹೇಳ್ತೀರಿ, ಆಗ ಹಾಗೆ ಹೇಳಿದ್ರಿ” ಎಂದ ಪ್ರಶಾಂತ್, ಸಿಟ್ಟಿಲ್ಲದೆ. “ಮೇಲಿನವರು ಯಾವುದನ್ನ ನಂಬಬೇಕು? ಏನಾದ್ರೂ ಒಂದು ಗುರುತು ಬೇಕು. ಜಾಗ ತೋರಿಸ್ತೀರಾ? ಸ್ಥಳ ಪರಿಶೀಲನೆ ಅಂತ ಬರೆಯೋಕಾದ್ರೂ ಆಗುತ್ತೆ.”

ಎರಡು ಆಟೋದಲ್ಲಿ ಹೋದರು. ಲಂಗರುವೀಧಿ ಇದ್ದಲ್ಲಿ ಅಗಲವಾದ ರಸ್ತೆ. ಅದರ ಮೇಲೆ ಕಂಟೇನರ್ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ನಲವತ್ತು ಮನೆಗಳಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ. ಇದ್ದುದು ಬಂದರಿನ ಉದ್ದನೆಯ ಗೋಡೆ ಮಾತ್ರ, ಮನೆಗಳೆಲ್ಲ ಬೆನ್ನು ಕೊಟ್ಟು ನಿಂತಿದ್ದ ಗೋಡೆ. ಈಗ ಅದು ಮೇಲಿಂದ ಕೆಳಗೆ ಅದಿರಿನ ಧೂಳಿನಲ್ಲಿ ಕೆಂಪಾಗಿತ್ತು. ಪ್ರತ್ಯೂಷಾ ಮೂಗಿಗೆ ದುಪಟ್ಟಾ ಹಿಡಿದಳು. ತನ್ನ ಚಿಕ್ಕಂದಿನ ರಜೆಗಳನ್ನೆಲ್ಲ ಕಳೆದ ಜಾಗ ಇದೇ ಎಂದು ಅವಳಿಗೆ ಗುರುತು ಹತ್ತಲಿಲ್ಲ.

ಭ್ರಮರಾಂಬಮ್ಮನವರಿಗೆ ಹತ್ತಿತು. ಗೋಡೆಯ ಬುಡದಲ್ಲಿ ಮಳೆನೀರು ಹೊರಬೀಳುವ ತೂತು ಹುಡುಕಿದರು. ಅಲ್ಲಿಂದ ಏಳು ಹೆಜ್ಜೆ ನಡೆದು ನಿಂತರು. “ಇದು ನನ್ನ ಒಲಿ. ಆ ಕಡಿ ಶಾರದಾಂದು.”

“ಎಲ್ಲಾ ಕೆಂಪೇ ಕಾಣ್ತಿದೆಯಲ್ಲಮ್ಮಾ” ಎಂದ ಪ್ರಶಾಂತ್.

ಅವರು ಕೈಚೀಲದಿಂದ ತೆಂಗಿನ ನಾರು ತೆಗೆದರು. ನೀರಿಗಾಗಿ ಸುತ್ತ ನೋಡುವಷ್ಟರಲ್ಲಿ ದುರ್ಗಾಪ್ರಸಾದ್ ರಸ್ತೆ ದಾಟಿ ಹೋಗಿದ್ದ. ಚಹಾ ಅಂಗಡಿಯಿಂದ ಒಂದು ಬಕೆಟ್ ನೀರು ಹೊತ್ತು ಬಂದ. ಅರ್ಧ ನೀರು ಅವನ ಪ್ಯಾಂಟಿನ ಮೇಲೆಯೇ ಚೆಲ್ಲಿತ್ತು. ತಾಯಿ ಗೋಡೆಗೆ ಎರಚಿ ತಿಕ್ಕಿದರು, ಕೆಂಪು ನೀರು ಅವರ ಸೀರೆಯ ಅಂಚಿಗೆ ಇಳಿಯಿತು. ಮೊದಲು ಬಿಳಿಯ ಸುಣ್ಣ ಕಂಡಿತು. ಅದರ ಮೇಲೆ ಒಲೆಯ ಹೊಗೆ ಹಿಡಿದ ಕರಿ. “ಇದು ನಂದು” ಎಂದರು. ಪಕ್ಕದಲ್ಲಿ ಒಂದು ಅಡ್ಡಗೋಡೆ ಕಿತ್ತ ಗಾಯ, ಮೇಲಿಂದ ಕೆಳಗೆ ನೆಟ್ಟಗೆ. ಅದನ್ನು ದಾಟಿ ಕೈ ಚಾಚಿದರು. ಎರಡನೆಯ ಬಕೆಟ್ ಬಂತು. ಮೂರನೆಯದು ಬಂತು.

ನೀಲಿ ಬಂತು.

ಬಟ್ಟೆಗೆ ಹಾಕುವ ನೀಲಿ, ವರ್ಷ ವರ್ಷವೂ ಸಂಕ್ರಾಂತಿಗೆ ಬಳಿದದ್ದು, ಪದರ ಪದರವಾಗಿ. ಅದರ ನಡುವೆ ಇನ್ನೊಂದು ಕರಿ, ಇನ್ನೊಂದು ಒಲೆಯದು. ಮೇಲೆ ಎರಡು ಮೊಳೆಯ ತೂತು.

ಶಾರದಾ ರಸ್ತೆಯ ಅಂಚಿನಿಂದ ಮುಂದೆ ಬಂದಳು. ಆ ಮೊಳೆಯ ತೂತಿಗೆ ಬೆರಳು ಇಟ್ಟಳು. ಅಲ್ಲಿ ಅವಳ ತಾಯಿ ಜರಡಿ ನೇತುಹಾಕುತ್ತಿದ್ದಳು.

“ಒಂದು ಮನೆಗೆ ಎರಡು ಒಲೆ ಇರೋಲ್ಲ ಸಾರ್” ಎಂದಳು ಪ್ರತ್ಯೂಷಾ.

ಪ್ರಶಾಂತ್ ನಾಲ್ಕು ಕಡೆಯಿಂದ ಫೋಟೋ ತೆಗೆದ. ಟೇಪು ಹಿಡಿದು ಅಳೆದ. “ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ನಿಮ್ಮ ಹೇಳಿಕೆ, ಇವರ ಹೇಳಿಕೆ, ಈ ಫೋಟೋ ಮೂರೂ ಇವತ್ತೇ ಕಳಿಸ್ತೀನಿ. ನಿಮ್ಮ ಫ್ಲಾಟು ಮಾತ್ರ ಹೋಗುತ್ತೆ, ಒಂದು ಕೋಣೆಗೆ ಇಳಿಯುತ್ತೆ, ಅದಂತೂ ಖಚಿತ. ಇಲ್ಲಿ ಸಹಿ ಮಾಡಿ.”

ದುರ್ಗಾಪ್ರಸಾದ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದ. ಜೇಬಿನಿಂದ ಬೀಗದಕೈ ತೆಗೆದು ಕಡತದ ಮೇಲಿಟ್ಟ. ಅದನ್ನು ಈಗಲೇ ತೆಗೆದುಕೊಳ್ಳುವ ಹಾಗಿಲ್ಲ ಎಂದು ಪ್ರಶಾಂತ್ ವಾಪಸ್ ಕೊಟ್ಟ. ಅವನಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಭ್ರಮರಾಂಬಮ್ಮ ಮಾತ್ರ ನಿಲ್ಲಿಸಿರಲಿಲ್ಲ. ಫೋಟೋ ಆಗಿತ್ತು, ಅಳತೆ ಆಗಿತ್ತು, ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಅವರು ನೀಲಿಯ ಅಂಚು ಹಿಡಿದು ತಿಕ್ಕುತ್ತಲೇ ಇದ್ದರು. ಕಣ್ಣೀರು ಮೂಗಿನ ತುದಿಗೆ ಇಳಿದು ಕೆಂಪು ನೀರಿಗೆ ಸೇರುತ್ತಿತ್ತು. “ಕ್ಷಮಿಸವ್ವ” ಎಂದರು, ಗೋಡೆಗೋ ಶಾರದಾಳಿಗೋ. ತಿಕ್ಕಿದ ನೀರಿನಲ್ಲಿ ಈಗ ಸ್ವಲ್ಪ ಸ್ವಲ್ಪ ನೀಲಿಯೂ ಇಳಿಯತೊಡಗಿತ್ತು.

ಶಾರದಾ ಅವರ ಮಣಿಕಟ್ಟು ಹಿಡಿದುಕೊಂಡಳು. ಗಟ್ಟಿಯಾಗಿಯೇ ಹಿಡಿದಳು. ಎಷ್ಟೋ ದಿನದ ಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು.

“ಸಾಕು ಬಿಡು ಪಿನ್ನಿ. ಇನ್ನ ತಿಕ್ಕಿದ್ರ ಇದೂ ಹೋಗ್ತೈತಿ.”